ಟ್ಯಾಕೊಗೆ ಎಂಥ ರೊಟ್ಟಿ?

ಟಾರ್ಟಿಯಾ ನಮ್ಮ ರೊಟ್ಟಿಗೆ ದೂರದ ಬೀಗರು. ಮೂಲತಃ ಅದು ಗೋವಿನಜೋಳದ್ದು. ಮೆಕ್ಸಿಕೊದಲ್ಲಿ ಕಾಳನ್ನು ಸುಣ್ಣದ ನೀರಲ್ಲಿ ಕುದಿಸಿ, ರಾತ್ರಿ ನೆನೆಯಲು ಬಿಟ್ಟು, ತೊಳೆದು ಅರೆಯುತ್ತಾರೆ. ಸುಣ್ಣದಿಂದ ಸಿಪ್ಪೆ ಸಡಿಲಾಗಿ ಹಿಟ್ಟು ಒಂದಕ್ಕೊಂದು ಹಿಡಿಯುತ್ತದೆ. ನಮ್ಮ ಗಿರಣಿಯಲ್ಲಿ ಹಾಗೇ ಬೀಸಿಸಿದ ಗೋವಿನಜೋಳದ ರೊಟ್ಟಿ ಮಡಚಿದರೆ ಮುರಿಯುತ್ತದೆ. ಅಂಗಡಿಯ ಪೊಟ್ಟಣದಲ್ಲಿ ಬರುವುದು ಹೆಚ್ಚಾಗಿ ಮೈದಾದ್ದು. ಅದಕ್ಕಿಂತ ಚಪಾತಿಯೇ ವಾಸಿ.

ಹೀಗಾಗಿ ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಟ್ಯಾಕೊಗೆ ಬಿಳಿಜೋಳ. ಜೋಳದಲ್ಲಿ ಗೋಧಿಯ ಅಂಟಿಲ್ಲ. ಕುದಿಯುವ ಎಸರು ಹಾಕಿದಾಗ ಪಿಷ್ಟ ಬೆಂದು ಜಿಗಿ ಬರುತ್ತದೆ. ಹಿಟ್ಟು ಮಾತ್ರ ಹೊಸದಿರಬೇಕು. ಹಳೇ ಹಿಟ್ಟಿನದು ಬಡಿಯುವಾಗಲೇ ಅಂಚು ಸೀಳುತ್ತದೆ. 5-6 ಇಂಚು ಅಗಲ ಸಾಕು. ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಿ, ಆರಿದ ಮೇಲೆ ಮಗುಚಿ, ಬೆಂದದ್ದೇ ತಡ ಅರಿವೆಯಲ್ಲಿ ಸುತ್ತಿಡಬೇಕು. ಆ ಹಬೆಯೇ ಅದನ್ನು ಮೆತ್ತಗಿಡುವುದು. ಕಡಕ್ ರೊಟ್ಟಿ ಮಡಚಲು ಬಾರದು. ಅದರ ಮೇಲೆ ಪಲ್ಯ ಹರವಿದರೆ ತೋಸ್ತಾದಾ, ಅದೂ ಮೆಕ್ಸಿಕೊದ್ದೇ!

ಒಳಗೆ ಮಡಕಿಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಕೆಂಪು ಖಾರ, ಗಟ್ಟಿ ಮೊಸರು. ಚೀಸ್ ಬೇಕೆಂದು ನನಗಂತೂ ಅನಿಸಿಲ್ಲ.

ಅವ್ವನಿಗೆ ಈಗ ರೊಟ್ಟಿ ಬಡಿಯಲು ಮಣಿಕಟ್ಟು ಏಳುವುದಿಲ್ಲ. ಎರಡು ವರ್ಷದಿಂದ ರೊಟ್ಟಿ ಹೊರಗಿನಿಂದಲೇ ಬರುತ್ತಿತ್ತು; ಕೊಣಮಿಗಿ ಅಟ್ಟ ಸೇರಿತ್ತು. ಟ್ಯಾಕೊದ್ದು ಸಣ್ಣದಲ್ಲವೇ ಎಂಬ ಧೈರ್ಯದಲ್ಲಿ ಮಗಳು ಅದನ್ನು ಇಳಿಸಿದಳು. ಅವ್ವ ಕುರ್ಚಿ ಎಳೆದುಕೊಂಡು ಒಲೆಯ ಹತ್ತಿರ ಕೂತಳು. "ಒತ್ತಬ್ಯಾಡ ಅವ್ವೀ, ತಿರುಗಿಸ್ಕೋತ ಬಡಿ. ಅದರ ಪಾಡಿಗೆ ಅದು ಅಗಲ ಆಕ್ಕೈತಿ."

ಈಗ ಮಗಳ ರೊಟ್ಟಿ ತಾಟಿನಷ್ಟಾಗುತ್ತಿದೆ. ಟ್ಯಾಕೊಗೆ ಅದು ದೊಡ್ಡದು.