ಅಪ್ಪ, ನಾನು ಮತ್ತು ಪೀಚ್ ತೋಟ

ಗಣೇಶನ ಹಬ್ಬಕ್ಕೆ ಕೊರವಂಗಲಕ್ಕೆ ಹೋಗಿದ್ದೆ. ಹೊಲದಲ್ಲಿ ಆಲೂಗಡ್ಡೆ ಕೀಳೋ ಟೈಮು. ಎಷ್ಟೋ ತಿಂಗಳಿಂದ ಅಪ್ಪನಿಗೆ ನಾನು ಹೇಳ್ತಿದ್ದದ್ದು ಒಂದೇ: ‘ಎರಡೆಕರೆ ಮಾರ್ಬಿಡಪ್ಪ, ಬೆಂಗಳೂರಲ್ಲಿ ಫ್ಲ್ಯಾಟಿಗೆ ಅಡ್ವಾನ್ಸ್ ಕಟ್ಟೋಣ.’

ರಾತ್ರಿ ಲ್ಯಾಪ್‌ಟಾಪಲ್ಲಿ ‘ಅಲ್ಕರಾಸ್’ ಹಾಕಿದೆ. ಕಾರ್ಲಾ ಸಿಮೋನ್ ನಿರ್ದೇಶನದ ಕ್ಯಾಟಲಾನ್ ಸಿನಿಮಾ, 2022ರಲ್ಲಿ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್ ಗೆದ್ದದ್ದು. ಅಪ್ಪನೂ ಬಂದು ಕೂತರು. ಸಬ್‌ಟೈಟಲ್ ಓದಲಾಗದ ಅವರಿಗೆ ನಾನೇ ಕತೆ ಹೇಳ್ತಾ ಹೋದೆ: ಜಮೀನುದಾರರು ಬಾಯಿಮಾತಲ್ಲೇ ಕೊಟ್ಟ ಪೀಚ್ ತೋಟ. ಈಗ ಅವರ ವಾರಸುದಾರ ಮರ ಕಿತ್ತು ಸೋಲಾರ್ ಹಾಕ್ತಾನಂತೆ.

‘ಪಹಣಿ ಇರ್ಲಿಲ್ವಾ?’

‘ಇಲ್ಲ. ಬರೀ ಮಾತು.’

‘ಅದಕ್ಕೇ ನಮ್ಮ ಬೂಚೇಶ್ವರನ ಗುಡೀಲಿ ಕಲ್ಲಲ್ಲೇ ಬರೆಸವ್ರೆ.’

1173ರ ಗುಡಿ ಅದು.

ಎಲ್ಲರ ಮೇಲೂ ರೇಗಾಡೋ ಕಿಮೆತ್, ಆ ಮನೆಯ ಅಪ್ಪ, ಒಮ್ಮೆ ಅತ್ತುಬಿಡ್ತಾನೆ. ಅಲ್ಲಿ ನಾನು ಕತೆ ಹೇಳೋದು ನಿಲ್ಲಿಸಿದೆ. ಅಪ್ಪನಿಗೆ ಅದು ಬೇಕಾಗಿರ್ಲಿಲ್ಲ.

ಬೆಳಿಗ್ಗೆ ಪಹಣಿ ಇದ್ದ ಪ್ಲಾಸ್ಟಿಕ್ ಕವರ್ ತಂದು ಕೈಗಿಟ್ಟರು. ‘ನಮ್ಮತ್ರ ಕಾಗ್ದ ಐತೆ ಕಣ್ಲಾ. ಮಾರೋದಾದ್ರೆ ನೀನೇ ಮಾರು.’

ಅಲ್ಕರಾಸಿನ ಮರ ಕೀಳೋಕೆ ಬಂದವರು ಹೊರಗಿನೋರು. ನಮ್ಮ ಹೊಲಕ್ಕೆ ಬಂದಿದ್ದೋನು ನಾನೇ.

ಕವರನ್ನ ಟ್ರಂಕಿನಲ್ಲೇ ಇಟ್ಟು ಬಸ್ ಹತ್ತಿದೆ. ಫ್ಲ್ಯಾಟಿನ ಮಾತು ಆಮೇಲೆ ಇಬ್ಬರೂ ಎತ್ತಿಲ್ಲ.