ರಾತ್ರಿ ಎಲ್ಲಿ ಉಳಿಯುವುದು?

ಭಾವನಿಗೆ ಈ ಸಲ ಸಿಕ್ಕಿದ್ದು 32 ದಿನಗಳ ರಜೆ. ಗಲ್ಫಿನಿಂದ ಬರುವವರ ರಜೆ ಹೇಗೆ ಖರ್ಚಾಗುತ್ತದೆ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಕುಟುಂಬದ ಮನೆಯ ನಾಗತಂಬಿಲ, ತಂಗಿಯ ಮನೆ ಒಕ್ಕಲು, ಸೋರುವ ಮಾಡಿಗೆ ಶೀಟು ಹಾಕಿಸುವುದು, ಬ್ಯಾಂಕು, ಹಲ್ಲಿನ ಡಾಕ್ಟರು, ಊಟಕ್ಕೆ ಕರೆದವರ ಮನೆಗಳು. ಎಲ್ಲ ಕಳೆದು ಉಳಿದದ್ದು ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಕಡಲ ಬದಿಯಲ್ಲೇ ಮಂಗಳೂರಿನಿಂದ ಕಾರವಾರದವರೆಗೆ ಹೋಗಿಬರಬೇಕು ಎಂದು ಅವರು ಅಲ್ಲಿಂದಲೇ ನಿಶ್ಚಯ ಮಾಡಿಕೊಂಡು ಬಂದಿದ್ದರು. ಬರುವ ವಾರ ಮೊದಲೇ ನನ್ನ ವಾಟ್ಸಾಪಿಗೆ ನೋಡಬೇಕಾದ ಜಾಗಗಳ ಪಟ್ಟಿ ಬಂದಿತ್ತು. ಎಣಿಸಿದೆ, 17.

"ರಾತ್ರಿ ಎಲ್ಲೆಲ್ಲಿ ಉಳಿಯುವುದು ಅಂತ ನೀನು ನೋಡು ಮಾರಾಯ್ತಿ. ಹೇಗೂ ನಿನ್ನದು ಅದೇ ಸಬ್ಜೆಕ್ಟ್ ಅಲ್ವಾ?" ಎಂದರು.

ಅದೇ ಅಲ್ಲ. ನನ್ನ ಸಂಶೋಧನೆ ಕರಾವಳಿಯ ಹಳೆಯ ಕಡವುಗಳ ಮೇಲೆ. ಸೇತುವೆ ಇಲ್ಲದ ಕಾಲದಲ್ಲಿ ಜನ ದೋಣಿ ಹತ್ತಿ ಹೊಳೆ ದಾಟುತ್ತಿದ್ದ ಜಾಗಗಳ ಮೇಲೆ. ಐದನೇ ವರ್ಷ ನಡೆಯುತ್ತಿದೆ, ಮನೆಯಲ್ಲಿ ಯಾರಿಗೂ ಅದೇನೆಂದು ಪೂರ್ತಿ ಅರ್ಥವಾದಂತಿಲ್ಲ. ಆದರೂ ಭಾವನ ಮಾತನ್ನು ತೀರಾ ತಳ್ಳಿಹಾಕುವಂತಿರಲಿಲ್ಲ. ಆಗ ನನ್ನ ಮೇಜಿನ ಮೇಲಿದ್ದದ್ದು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ವರದಿ ಬರೆಯಲು ಕಳಿಸಿದ ಡಾಕ್ಟರು ಇವನು. 1801ರ ಆರಂಭದಲ್ಲಿ ಇದೇ ಕರಾವಳಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋದ, 1807ರಲ್ಲಿ ಪುಸ್ತಕ ಅಚ್ಚಾಯಿತು. ತಾರೀಕು ಹಾಕುತ್ತಾನೆ, ಇವತ್ತು ಇಷ್ಟು ದೂರ ಬಂದೆ, ಇಂಥ ಊರಿನಲ್ಲಿ ಉಳಿದೆ ಎಂದು ಶುರುಮಾಡುತ್ತಾನೆ. ದಿನಕ್ಕೆ ಕೆಲವೇ ಹರದಾರಿ. ನೇತ್ರಾವತಿಯಿಂದ ಕಾಳಿಯವರೆಗೆ ಈ ನೆಲವನ್ನು ಹೊಳೆಗಳು ಅಡ್ಡಡ್ಡ ಕೊಯ್ದಿವೆ. ದೋಣಿ ಸಿಗಬೇಕು, ನೀರಿನ ಏರಿಳಿತ ನೋಡಬೇಕು, ಕತ್ತಲಾದರೆ ಈಚೆ ದಡದಲ್ಲೇ ಮಲಗಬೇಕು. ಎಲ್ಲಿ ಉಳಿಯುವುದೆಂದು ಹೊಳೆಯೇ ಹೇಳುತ್ತಿತ್ತು. ಈಗ ಶರಾವತಿಯ ಮೇಲೆ ಕಾರು ಓಡಿದರೆ ಹಾಡು ಮುಗಿಯುವುದರೊಳಗೆ ಆಚೆ ದಡ ಬರುತ್ತದೆ. ಯಾರೂ ತಡೆಯುವುದಿಲ್ಲವಾದ್ದರಿಂದ 17 ಜಾಗಗಳ ಪಟ್ಟಿ ಹುಟ್ಟುತ್ತದೆ.

ಭಾವನ ಲೆಕ್ಕ ಸರಳವಾಗಿತ್ತು. ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್, ಹೆದ್ದಾರಿ 66 ಬಹುಪಾಲು ಚತುಷ್ಪಥ, ಆರು ಗಂಟೆ ಸಾಕು. ಮೊದಲ ರಾತ್ರಿ ಮುರ್ಡೇಶ್ವರ, ಎರಡನೆಯದು ಗೋಕರ್ಣ, ಮೂರನೆಯದು ಕಾರವಾರ, ನಾಲ್ಕನೇ ದಿನ ಒಂದೇ ಓಟಕ್ಕೆ ಮನೆ. ಮರುಭೂಮಿಯ ನೇರ ರಸ್ತೆಗಳಲ್ಲಿ ದಿನಕ್ಕೆ ಅದರ ಎರಡರಷ್ಟು ಗಾಡಿ ಓಡಿಸುವವರಿಗೆ ಇದು ಏನೂ ಅಲ್ಲ. ಆದರೆ ಹಿಂದಿನ ಸೀಟಿನಲ್ಲಿ ಏಳು ವರ್ಷದ ಹುಡುಗಿ, ನಾಲ್ಕು ವರ್ಷದ ಹುಡುಗ. ಅವರಿಗೆ ಕಿಲೋಮೀಟರು ಗೊತ್ತಿಲ್ಲ. ದೊಡ್ಡವಳಿಗೆ ಒಂದೂವರೆ ಗಂಟೆಯಾದ ಮೇಲೆ ಹೊಟ್ಟೆ ತೊಳಸುತ್ತದೆ. ಸಣ್ಣವನಿಗೆ ಸಂಜೆ ಏಳಕ್ಕೆ ಅನ್ನ ಸಿಗಬೇಕು, ಎಂಟಕ್ಕೆ ನಿದ್ದೆ. ಜನವರಿಯಲ್ಲಿ ನಮ್ಮಲ್ಲಿ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕತ್ತಲಾದ ಮೇಲೆ ಆ ಹೆದ್ದಾರಿಯಲ್ಲಿ ಎದುರು ದಿಕ್ಕಿನಿಂದ ಬರುವ ಬೈಕು, ನೀರು ಸುರಿಸುತ್ತ ಓಡುವ ಮೀನಿನ ಲಾರಿ, ಕೆಲಸ ಮುಗಿಯದಲ್ಲಿ ತಟ್ಟನೆ ಎದುರಾಗುವ ತಿರುವು ರಸ್ತೆ, ಇವುಗಳ ನಡುವೆ ಹಸಿದ ಮಗುವಿನ ಅಳು ಕೇಳಿಕೊಂಡು ಗಾಡಿ ಓಡಿಸುವುದು ಯಾರಿಗೂ ಬೇಡ. ಹಾಗಾಗಿ ನಾನು ಬೆಳಗಿನಿಂದ ಮುಂದಕ್ಕೆ ಎಣಿಸಲಿಲ್ಲ, ಸಂಜೆಯಿಂದ ಹಿಂದಕ್ಕೆ ಎಣಿಸಿದೆ. ನಾಲ್ಕೂವರೆಗೆ ಕೋಣೆಯ ಬೀಗ ತೆಗೆದಿರಬೇಕು. ಅದರ ಹಿಂದೆ ಎಷ್ಟು ರಸ್ತೆ ಹಿಡಿಸುತ್ತದೋ ಅಷ್ಟೇ ಆ ದಿನದ ಪ್ರಯಾಣ.

ಇದೆಲ್ಲ ಅಕ್ಕನಿಗೂ ಗೊತ್ತಿತ್ತು. ನಾವಿಬ್ಬರೂ ಬಾಯಿಬಿಟ್ಟು ಹೇಳದ ಇನ್ನೊಂದು ವಿಷಯವೂ ಇತ್ತು. ಭಾವ ಹಿಂದಿನ ಸಲ ಬಂದಿದ್ದು 2024ರ ಜುಲೈಯಲ್ಲಿ. ಆ ತಿಂಗಳ 16ರಂದು ಅಂಕೋಲದ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು, ಜನ ಸತ್ತರು, ಲಾರಿ ಗಂಗಾವಳಿ ಹೊಳೆಯ ಪಾಲಾಯಿತು. ಕಾರವಾರದ ಮಾತು ಅಲ್ಲಿಗೆ ಬಿಟ್ಟು ರಜೆಯಿಡೀ ಮಳೆ ನೋಡಿಕೊಂಡು ಮನೆಯಲ್ಲೇ ಕೂತಿದ್ದೆವು. ಸಣ್ಣವನಿಗೆ ಆಗ ಎರಡೂವರೆ. ಅವನಿಗೆ ಅದು ಒಂದೂ ನೆನಪಿಲ್ಲ. ಅವನ ಮಟ್ಟಿಗೆ ಪಪ್ಪ ಅಂದರೆ ರಾತ್ರಿ ಊಟದ ಹೊತ್ತಿಗೆ ಫೋನಿನಲ್ಲಿ ಬರುವವರು. ಈ ಸಲ ವಿಮಾನ ನಿಲ್ದಾಣದಲ್ಲಿ ಭಾವ ಕೈಚಾಚಿದಾಗ ಅವನು ನನ್ನ ಚೂಡಿದಾರದ ಹಿಂದೆ ಸರಿದ. ಹಗಲು ತಂದ ಆಟದ ಕಾರಿಗೆ ಒಲಿದ, ಚಾಕಲೇಟಿಗೆ ಒಲಿದ. ಆದರೆ ರಾತ್ರಿ ಅಜ್ಜಿಯ ಪಕ್ಕವೇ ಬೇಕು. ಭಾವ ಆ ಕೋಣೆಗೆ ಬಂದರೆ "ಪಪ್ಪ ಅವರ ಮನೆಗೆ ಯಾವಾಗ ಹೋಗುವುದು?" ಎಂದು ಕೇಳಿದ. ಭಾವ ನಕ್ಕರು. ಮರುದಿನವೇ ಪಟ್ಟಿಗೆ ಇನ್ನೆರಡು ಜಾಗ ಸೇರಿಸಿದರು.

ಕಾರಿನಲ್ಲಿ ಮಗುವಿಗೆ ಕಾಣುವುದು ಗಾಡಿ ಓಡಿಸುವ ಅಪ್ಪನ ಬೆನ್ನು ಮಾತ್ರ ಎಂದು ನಾನು ಅಕ್ಕನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೇ ಕಡೆ ಎರಡು ರಾತ್ರಿ ಉಳಿಯುವ ಹಾಗೆ ನೋಡು" ಎಂದಳು.

ನೋಡಿದೆ. ಮೊದಲ ರಾತ್ರಿ ಕುಂದಾಪುರ, ಮನೆಯಿಂದ ನೂರು ಕಿಲೋಮೀಟರಿನ ಒಳಗೆ. ಆಮೇಲಿನ ಎರಡು ರಾತ್ರಿ ಹೊನ್ನಾವರದ ಹತ್ತಿರ, ಶರಾವತಿಯ ಹಿನ್ನೀರಿನ ಬದಿಯಲ್ಲಿ. ಕೊನೆಯ ದಿನದ ದೂರ ಹೆಚ್ಚು, ಸುಮಾರು 180, ಆದರೆ ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳು ನಿದ್ದೆಹೋಗುತ್ತಾರೆ, ದಾರಿಯಲ್ಲಿ ನೋಡುವುದೂ ಏನೂ ಬಾಕಿ ಇರುವುದಿಲ್ಲ. ಗೋಕರ್ಣ, ಕಾರವಾರ ಎರಡೂ ಬಿಟ್ಟುಹೋದವು. ಕಾರವಾರದಲ್ಲಿ ಹಳೆಯ ಯುದ್ಧನೌಕೆಯನ್ನು ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದಾರೆ, ಅದನ್ನು ಮಗನಿಗೆ ತೋರಿಸಬೇಕೆಂದು ಭಾವನಿಗೆ ಬಹಳ ಆಸೆಯಿತ್ತು. "ಕಾರವಾರ ಇಲ್ಲದಿದ್ದರೆ ಎಂತದ್ದು ಕರಾವಳಿ ಟ್ರಿಪ್?" ಎಂದು ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಮುರ್ಡೇಶ್ವರವನ್ನು ದಾರಿಯ ನಿಲುಗಡೆಯಾಗಿ ಒಪ್ಪಿಕೊಂಡೆ, ರಾತ್ರಿಗಲ್ಲ.

ಆಮೇಲೆ ಫೋನಿನ ಕೆಲಸ. ಹೋಂಸ್ಟೇಗಳ ಫೋಟೋಗಳಲ್ಲಿ ಸೂರ್ಯಾಸ್ತ ಇರುತ್ತದೆ, ಜೋಕಾಲಿ ಇರುತ್ತದೆ. ನನಗೆ ಬೇಕಾದದ್ದು ಬೇರೆ. ಬಾವಿಗೆ ಕಟ್ಟೆ ಎಷ್ಟು ಎತ್ತರ? ಸಂಜೆ ಏಳಕ್ಕೆ ಗಂಜಿ ಸಿಗುತ್ತದಾ? ಬಚ್ಚಲಿನ ಬಾಗಿಲಿಗೆ ಒಳಗಿಂದ ಯಾವ ನಮೂನೆಯ ಚಿಲಕ? ಒಬ್ಬರಂತೂ, "ಅಂಗಳಕ್ಕೂ ನೀರಿಗೂ ನಡುವೆ ಏನುಂಟು?" ಎಂದು ಕೇಳಿದ್ದಕ್ಕೆ ಬಹಳ ಹೆಮ್ಮೆಯಿಂದ, "ಏನೂ ಇಲ್ಲ ಮೇಡಂ, ಡೈರೆಕ್ಟ್ ವ್ಯೂ" ಎಂದರು. ಒಂಬತ್ತನೇ ಫೋನಿಗೆ ಸಿಕ್ಕಿದ ಹೊನ್ನಾವರದ ಹೆಂಗಸು ಮಾತ್ರ ನಾನು ಕೇಳುವ ಮೊದಲೇ ಮಕ್ಕಳ ಪ್ರಾಯ ಕೇಳಿದರು. ಹೊಳೆಗೆ ಇಳಿಯುವ ಮೆಟ್ಟಿಲಿಗೆ ಗೇಟು ಉಂಟು, ಚಿಲಕ ಮೇಲೆ ಉಂಟು, ಸಣ್ಣವರಿಗೆ ಎಟುಕುವುದಿಲ್ಲ ಎಂದರು. ಎಸಿ ಇರಲಿಲ್ಲ. ಕೂಡಲೇ ಅಡ್ವಾನ್ಸ್ ಕಳಿಸಿದೆ.

ಹೋದದ್ದು ಹೊಸ ವರ್ಷದ ಜಂಗುಳಿ ಕಳೆದ ಮೇಲಿನ ಶನಿವಾರ. ಡಿಸೆಂಬರಿನಲ್ಲಿ ಈ ರಸ್ತೆ ಶಾಲಾ ಪ್ರವಾಸದ ಬಸ್ಸುಗಳದ್ದು. ಕುಂದಾಪುರದ ರಾತ್ರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಸಣ್ಣವನು ನನ್ನ ಪಕ್ಕ ಮಲಗಿ ಅಜ್ಜಿ ಬೇಕೆಂದು ಅತ್ತ. ಮರುದಿನ ಮರವಂತೆ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ರಸ್ತೆ. ಫೋಟೋದಲ್ಲಿ ಕಾಣದ್ದು ಆ ರಸ್ತೆಯ ವೇಗ. ಮಕ್ಕಳಿರುವವರು ಅಲ್ಲಿ ಕಡಲಿಗಿಂತ ಹೆದ್ದಾರಿಗೇ ಹೆಚ್ಚು ಹೆದರಬೇಕು. ಇಬ್ಬರ ಕೈಯನ್ನೂ ಬಿಡದೆ ಹತ್ತು ನಿಮಿಷ ನಿಂತು ಹೊರಟೆವು.

ಮುರ್ಡೇಶ್ವರದಲ್ಲಿ 123 ಅಡಿಯ ಶಿವನನ್ನು ನೋಡಿದ್ದಾಯಿತು, 20 ಅಂತಸ್ತಿನ ರಾಜಗೋಪುರದ ಲಿಫ್ಟಿನಲ್ಲಿ ಹತ್ತಿದ್ದೂ ಆಯಿತು. ಕೆಳಗೆ ಬಂದಾಗ ದೊಡ್ಡವಳು ನೀರಿಗಿಳಿಯಬೇಕೆಂದು ಹಟ ಹಿಡಿದಳು. ಭಾವ ಆಗಲೇ ಪ್ಯಾಂಟು ಮಡಚುತ್ತಿದ್ದರು. 2024ರ ಡಿಸೆಂಬರಿನಲ್ಲಿ ಇದೇ ನೀರಿನಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ಹುಡುಗಿಯರು ಹೋದರು. ಆಗ ಭಾವ ಇಲ್ಲಿರಲಿಲ್ಲ. ಅಕ್ಕ ಹುಡುಗಿಯ ಎದುರು ಏನೂ ಹೇಳದೆ ತುಳುವಿನಲ್ಲಿ ಒಂದೇ ಮಾತಿನಲ್ಲಿ ತಿಳಿಸಿದಳು. ಅವರು ಪ್ಯಾಂಟು ಇಳಿಸಿ, ಮಗಳನ್ನು ಹೆಗಲಿಗೆ ಹಾಕಿಕೊಂಡು ಕಾರಿನತ್ತ ನಡೆದರು.

ಹೊನ್ನಾವರ ತಲುಪಿದಾಗ ನಾಲ್ಕು ಗಂಟೆ. ನಾನು ಯೋಜನೆ ಹಾಕಿದ್ದು ಆ ನಾಲ್ಕು ಗಂಟೆಗಾಗಿಯೇ, ಆದರೆ ಅದರೊಳಗೆ ಏನಾಗಬಹುದೆಂದು ನನಗೂ ತಿಳಿದಿರಲಿಲ್ಲ. ಮನೆಯವರು ಗೇಟು ತೆಗೆದು ಮೆಟ್ಟಿಲು ತೋರಿಸಿದರು. ನೀರಿನ ಮೇಲೆ ಏಳು ಮೆಟ್ಟಿಲು ಕಾಣುತ್ತಿತ್ತು. ಭರತ ಶುರುವಾಗಿದೆ, ಕತ್ತಲಾಗುವುದರೊಳಗೆ ಮೂರೇ ಉಳಿಯುತ್ತದೆ ನೋಡಿ ಎಂದರು. ಸಣ್ಣವನು ನಂಬಲಿಲ್ಲ. ಹೊಳೆಗೆ ಯಾರು ನೀರು ಹಾಕುತ್ತಾರೆ? ಭಾವನಿಗೆ ಬೇರೆ ಕೆಲಸವಿರಲಿಲ್ಲ, ಹೋಗಲು ಜಾಗವಿರಲಿಲ್ಲ, ಫೋನಿಗೆ ಸಿಗ್ನಲ್ಲೂ ಸರಿ ಇರಲಿಲ್ಲ. ಮೇಲಿನ ಮೆಟ್ಟಿಲಿನಲ್ಲಿ ಕೂತು, ಹುಡುಗನನ್ನು ಮೊಣಕಾಲುಗಳ ನಡುವೆ ಹಿಡಿದುಕೊಂಡರು. ಕಾಂಡ್ಲಾ ಗಿಡಗಳ ಬೇರಿನ ನಡುವಿನಿಂದ ಏಡಿಗಳು ಮೇಲೇರುತ್ತಿದ್ದವು. ಒಂದು ಮೆಟ್ಟಿಲು ಮುಳುಗಿತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಪ್ರತಿಸಲವೂ ಹುಡುಗ ಓಡಿಬಂದು ಅಡುಗೆಮನೆಯಲ್ಲಿದ್ದ ನಮಗೆ ಲೆಕ್ಕ ಒಪ್ಪಿಸಿ ವಾಪಸು ಓಡುತ್ತಿದ್ದ. ನಾನು ಐದು ವರ್ಷದಿಂದ ಕಾಗದಗಳಲ್ಲಿ ಹುಡುಕುತ್ತಿರುವುದು ಇಂಥ ಮೆಟ್ಟಿಲುಗಳನ್ನೇ. ನೀರು ಎಲ್ಲಿಗೆ ಬಂದಾಗ ದೋಣಿ ಬಿಡುತ್ತಿದ್ದರು ಎಂಬುದನ್ನು. ಟಿಪ್ಪಣಿ ಪುಸ್ತಕ ಬ್ಯಾಗಿನಲ್ಲೇ ಇತ್ತು. ತೆಗೆಯಲಿಲ್ಲ.

ಆ ರಾತ್ರಿಯೂ ಅವನು ಮಲಗಿದ್ದು ನನ್ನ ಪಕ್ಕವೇ.

ಮರುದಿನ ಬೆಳಿಗ್ಗೆ ಮಿರ್ಜಾನ್ ಕೋಟೆಗೆ ಹೋಗಿ ಊಟದ ಹೊತ್ತಿಗೆ ವಾಪಸಾದೆವು. ಕೋಟೆಗಿಂತ ಹೆಚ್ಚು ನನಗೆ ನೆನಪಿರುವುದು ವಾಪಸು ಬಂದಾಗ ಸಣ್ಣವನು ಕಾರಿನಿಂದ ಇಳಿದ ರೀತಿ. ಚಪ್ಪಲಿ ಎಲ್ಲಿಡಬೇಕೆಂದು ಅವನಿಗೆ ಗೊತ್ತಿತ್ತು. ಫ್ಯಾನಿನ ಸ್ವಿಚ್ಚು ಯಾವುದು, ಬೆಕ್ಕು ಎಲ್ಲಿ ಮಲಗುತ್ತದೆ, ಎಲ್ಲ ಗೊತ್ತಿತ್ತು. ನಾಲ್ಕು ಗಂಟೆಗೆ ಅವನೇ ಭಾವನ ಬೆರಳು ಹಿಡಿದು ಗೇಟಿನ ಹತ್ತಿರ ನಿಂತ. ಆದರೆ ನೀರು ನಿನ್ನೆಯ ಜಾಗಕ್ಕೆ ಬಂದಿರಲಿಲ್ಲ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅದನ್ನು ಭಾವ ಅವನಿಗೆ ಹೇಗೆ ವಿವರಿಸಿದರೋ ಗೊತ್ತಿಲ್ಲ, ಒಳಗೆ ಬಂದವನು "ಇವತ್ತು ಹೊಳೆ ಲೇಟು" ಎಂದು ಘೋಷಿಸಿದ. ಇಬ್ಬರೂ ಕತ್ತಲಾಗುವವರೆಗೆ ಕಾದರು.

ಕೊನೆಯ ದಿನ ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದಾಗ ಭಾವ ಕಣ್ಣು ಕೆಂಪಗೆ ಮಾಡಿಕೊಂಡು ಹೊರಗೆ ಬಂದರು. ರಾತ್ರಿ ಎರಡು ಗಂಟೆಗೆ ಹುಡುಗ ಎದ್ದಿದ್ದಾನೆ. ನನ್ನನ್ನು ಏಳಿಸಿಲ್ಲ, ಅಕ್ಕನನ್ನೂ ಏಳಿಸಿಲ್ಲ. ಬಾಗಿಲ ಬದಿಯಲ್ಲಿ ಮಲಗಿದ್ದ ಇವರ ಹೊಟ್ಟೆ ತಟ್ಟಿ, "ಪಪ್ಪ, ಮೂತ್ರ" ಎಂದಿದ್ದಾನೆ. ಮುಗಿಸಿಕೊಂಡು ಬಂದು ಅಲ್ಲೇ ಮಲಗಿದ್ದಾನೆ, ಕಾಲನ್ನು ಇವರ ಕುತ್ತಿಗೆಯ ಮೇಲೆ ಹಾಕಿ.

"ಮತ್ತೆ ನಿದ್ದೆಯೇ ಬರಲಿಲ್ಲ ಮಾರಾಯ್ತಿ" ಎಂದರು, ಎರಡು ಸಲ.

ಅವರು ಹೋಗುವ ದಿನಕ್ಕೆ ಆಗ ಒಂಬತ್ತು ದಿನ ಉಳಿದಿತ್ತು. ಕಾರಿಗೆ ಸಾಮಾನು ತುಂಬಿದ ಮೇಲೆ ಮನೆಯವರ ಹತ್ತಿರ ಹೋಗಿ ಮುಂದಿನ ರಜೆಗೆ ಇದೇ ಕೋಣೆ ಬೇಕು, ಈಗಲೇ ಅಡ್ವಾನ್ಸ್ ತೆಗೆದುಕೊಳ್ಳಿ ಎಂದರು. ಅಷ್ಟು ಮೊದಲು ಹೇಗೆ ಬರೆದುಕೊಳ್ಳುವುದು, ದೀಪಾವಳಿ ಕಳೆದ ಮೇಲೆ ಫೋನು ಮಾಡಿ ಎಂದು ಅವರು ನಕ್ಕರು. ರಜೆ ಯಾವ ತಿಂಗಳಿನಲ್ಲಿ ಸಿಗುತ್ತದೆ ಎಂದು ಕೇಳಿದಾಗ ಭಾವನಿಗೆ ಹೇಳಲಾಗಲಿಲ್ಲ.