ಗಾಡಿಯ ಹದ ಕಿವಿಗೆ ಗೊತ್ತಿತ್ತು

ಬುಲೆಟ್ ಇಟ್ಟುಕೊಂಡವನನ್ನು "ಎಷ್ಟು ಸ್ಪೀಡ್ ಹೋಗುತ್ತೆ?" ಎಂದು ಕೇಳುವವರು ಬುಲೆಟ್ ಓಡಿಸದವರು. ಓಡಿಸಿದವರು ಕೇಳುತ್ತಿದ್ದುದೇ ಬೇರೆ: "ಹೈವೇಲಿ ಎಷ್ಟರಲ್ಲಿ ಕೂರುತ್ತೆ?" ಅದಕ್ಕೆ ಪ್ರತಿಯೊಬ್ಬನ ಬಳಿಯೂ ತನ್ನದೇ ಉತ್ತರವಿರುತ್ತಿತ್ತು. ಒಬ್ಬನ ಗಾಡಿ ಅರವತ್ತರಲ್ಲಿ ಕೂರುತ್ತಿತ್ತು, ಇನ್ನೊಬ್ಬನದು ಅರವತ್ತೈದರಲ್ಲಿ. ರೀಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದವನು ಅದು ಪಳಗುವ ತನಕ ನಲವತ್ತೈದು ದಾಟುವ ಹಾಗೇ ಇರಲಿಲ್ಲ. "ನಂದು ಎಂಬತ್ತರಲ್ಲೂ ಅಲ್ಲಾಡಲ್ಲ" ಎಂದವನ ಮಾತನ್ನು ಉಳಿದವರು ಕೇಳಿಸಿಕೊಂಡು ಕಾಫಿ ಕುಡಿಯುತ್ತಿದ್ದರು, ಅಷ್ಟೆ. ಈಚೆಗೆ ಆ ಪ್ರಶ್ನೆಯನ್ನು ಯಾರ ಬಾಯಲ್ಲೂ ಕೇಳಿಲ್ಲ. ಅದನ್ನು ಕೇಳಬೇಕಾಗಿದ್ದಂಥ ಎಂಜಿನ್ನೇ ರಸ್ತೆಯ ಮೇಲೆ ಅಪರೂಪವಾಗಿದೆ.

ನಾನು ಹೇಳುತ್ತಿರುವುದು ಬೀಡುಕಬ್ಬಿಣದ ಸಿಲಿಂಡರಿನ ಹಳೇ ಬುಲೆಟ್ 350ರ ಮಾತು. 1955ರಲ್ಲಿ ಮದರಾಸಿನಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾ ಅದನ್ನು ಹೊರತಂದಿತು. ಅಲ್ಲಲ್ಲಿ ತಿದ್ದಿಸಿಕೊಂಡರೂ ಎಂಜಿನ್ನಿನ ಮೂಲ ಹೊಂದಿಕೆ ಅದೇ ಉಳಿದು 2010ರ ಹೊತ್ತಿನ ತನಕ ಬಂತು. ಒಂದೇ ಸಿಲಿಂಡರ್, 346 ಸಿ.ಸಿ. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಅಗಲಕ್ಕಿಂತ ಎತ್ತರ ಹೆಚ್ಚಿರುವ ಇಂಥ ಎಂಜಿನ್ನಿಗೆ ಅವಸರ ಆಗದು. ಅದರ ಪೂರಾ ಶಕ್ತಿಯಾದ 18 ಅಶ್ವಶಕ್ತಿ ಸಿಗುವುದು ಐದೂವರೆ ಸಾವಿರ ಸುತ್ತಿನ ಆಚೆಗೆ. ಆದರೆ ಅಷ್ಟರ ತನಕ ಎಳೆದು ಊರೂರು ತಿರುಗಿದವರು ಯಾರೂ ಇರಲಿಲ್ಲ. ಪುಸ್ತಕದ ಲೆಕ್ಕ ಒಂದು, ರಸ್ತೆಯ ಲೆಕ್ಕ ಇನ್ನೊಂದು.

ರಸ್ತೆಯ ಲೆಕ್ಕ ಹೀಗೆ. ಟಾಪ್ ಗೇರಿನಲ್ಲಿ ಹಿಂದಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ ಸುಮಾರು ಐದೂವರೆ ಸುತ್ತು ಬರುತ್ತದೆ. 19 ಇಂಚಿನ ರಿಮ್ಮಿನ ಆ ಚಕ್ರ ಸುತ್ತಿಗೆ ಎರಡು ಮೀಟರ್ ಚಿಲ್ಲರೆ ದೂರ ಉರುಳುತ್ತದೆ. ಅಲ್ಲಿಗೆ ಗಂಟೆಗೆ 60 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 2,700 ಸುತ್ತಿನ ಆಸುಪಾಸು. 80 ಎಂದರೆ 3,600. ಎರಡು ಸುತ್ತಿಗೊಮ್ಮೆ ಸಿಲಿಂಡರಿನಲ್ಲಿ ಬೆಂಕಿ ಬೀಳುವುದರಿಂದ ಅರವತ್ತರಲ್ಲಿ ಸೆಕೆಂಡಿಗೆ ಸುಮಾರು 22 ಏಟು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಅದೇ ಅರವತ್ತನ್ನು ಮುಟ್ಟಬೇಕಾದರೆ ಐದು ಸಾವಿರ ಸುತ್ತನ್ನೂ ದಾಟಿ ತಿರುಗಬೇಕಿತ್ತು. ಅದು ಝೇಂಕರಿಸುತ್ತ ಪಕ್ಕದಲ್ಲಿ ಹಾದುಹೋದರೆ, ಬುಲೆಟ್ಟಿನವನು ತನ್ನ ಏಟುಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳುತ್ತ ಹಿಂದೆ ಬರುತ್ತಿದ್ದ.

2,700ಕ್ಕೂ 3,600ಕ್ಕೂ ಏನು ಮಹಾ ವ್ಯತ್ಯಾಸ ಎನ್ನಬಹುದು. ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ಅದಿರಾಟ ಸುತ್ತಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸುತ್ತು ಮೂರರಲ್ಲಿ ಒಂದು ಪಾಲು ಹೆಚ್ಚಿದರೆ ಅದುರುವ ಬಲ ಮುಕ್ಕಾಲು ಪಾಲು ಹೆಚ್ಚುತ್ತದೆ. ಅದನ್ನು ಸರಿದೂಗಿಸುವ ಬ್ಯಾಲೆನ್ಸರ್ ಶಾಫ್ಟ್ ಆ ಎಂಜಿನ್ನಿನಲ್ಲಿ ಇರಲಿಲ್ಲ. ಕನೆಕ್ಟಿಂಗ್ ರಾಡಿನ ಬುಡದಲ್ಲಿದ್ದುದು ಆಯಿಲ್ ಪದರದ ಮೇಲೆ ತೇಲುತ್ತ ತಿರುಗುವ ಬುಷ್. ಗಂಟೆಗಟ್ಟಲೆ ಹೆಚ್ಚು ಸುತ್ತಿನಲ್ಲಿ ಇಟ್ಟರೆ ಕಾವು ಏರಿ ಅದಕ್ಕೆ ಆಯಿಲ್ ಸಾಲದು. ಮೇಲೆ ನೋಡಿದರೆ ಸಿಲಿಂಡರ್ ಕಬ್ಬಿಣ, ಪಿಸ್ಟನ್ ಅಲ್ಯುಮಿನಿಯಂ. ಕಾದಾಗ ಪಿಸ್ಟನ್ ಬೇಗ ಹಿಗ್ಗುತ್ತದೆ, ಸಿಲಿಂಡರ್ ತಡವಾಗಿ. ನಡುವಿನ ಸಂದು ಮುಚ್ಚಿತೋ, ಗಾಡಿ ಸೀಜ್. ಆದ್ದರಿಂದ ಅರವತ್ತೋ ಅರವತ್ತೈದೋ ಯಾರದೋ ಸೋಮಾರಿತನದಿಂದ ಬಂದ ವೇಗವಲ್ಲ. ಕಬ್ಬಿಣ, ಆಯಿಲ್, ಬಿಸಿಲು ಮೂರೂ ಸೇರಿ ಒಪ್ಪಿಕೊಂಡ ವೇಗ.

ಆ ವೇಗವನ್ನು ತೋರಿಸಲು ಆರ್‌ಪಿಎಂ ಮೀಟರ್ ಇರಲಿಲ್ಲ. ಸ್ಪೀಡೋಮೀಟರ್ ಮುಳ್ಳನ್ನಂತೂ ನಂಬುವಂತಿರಲಿಲ್ಲ. ಐವತ್ತು ಅರವತ್ತೈದರ ನಡುವೆ ಅದು ತನಗೆ ತೋಚಿದಂತೆ ಓಲಾಡುತ್ತಿತ್ತು. ಓಡಿಸುವವನ ಮೈಯೇ ಮೀಟರ್. ಐವತ್ತರ ಕೆಳಗೆ ಟಾಪ್ ಗೇರಿನಲ್ಲಿ ಏರು ಸಿಕ್ಕರೆ ಚೈನ್ ಜಗ್ಗಿ ಜಗ್ಗಿ ಎಳೆಯುತ್ತಿತ್ತು. ಐವತ್ತೈದು ದಾಟಿದ ಮೇಲೆ ಆ ಜಗ್ಗಾಟ ನಿಂತು ಏಟುಗಳು ಒಂದಕ್ಕೊಂದು ಕೂಡಿಕೊಂಡು, ಸೀಟಿನ ಕೆಳಗೆ ಒಂದೇ ಸಮನಾದ ಗುಡುಗು ಉಳಿಯುತ್ತಿತ್ತು. ಅಲ್ಲೇ ಹಿಡಿದರೆ ಮೂರು ತಾಸು ಕೂತರೂ ಸೊಂಟ ದೂರುತ್ತಿರಲಿಲ್ಲ. ಎಪ್ಪತ್ತೈದಕ್ಕೆ ಹೋದರೆ ಮೊದಲು ಫುಟ್‌ರೆಸ್ಟ್ ಜುಮ್ಮೆನ್ನುವುದು, ಆಮೇಲೆ ಹ್ಯಾಂಡಲ್ಲಿನ ಹಿಡಿಕೆ. ಅದಕ್ಕೂ ಮೇಲೆ ಹೋದವನು ಊರು ಮುಟ್ಟಿ ಗಾಡಿ ನಿಲ್ಲಿಸಿದರೆ ಬೆರಳುಗಳಲ್ಲಿ ಜೋಮು ಹಿಡಿದಿರುತ್ತಿತ್ತು, ಹಿಂದಿನ ಮಡ್‌ಗಾರ್ಡಿನ ಒಂದು ಬೋಲ್ಟು ದಾರಿಯಲ್ಲೆಲ್ಲೋ ಉದುರಿರುತ್ತಿತ್ತು.

ಸಿರಾ ಹತ್ತಿರ ಹೆದ್ದಾರಿ ಬದಿಯಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ ಮೇಸ್ತ್ರಿಯೊಬ್ಬರು ಇದನ್ನೆಲ್ಲ ಎರಡು ಮಾತಿನಲ್ಲಿ ಮುಗಿಸುತ್ತಿದ್ದರು. "ನೋಡಪ್ಪಾ, ಕನ್ನಡಿ ಒಳಗೆ ಹಿಂದ್ಗಡೆ ಲಾರಿ ಮೂತಿ ಸರ್ಯಾಗಿ ಕಾಣ್ತೈತಾ? ಗಾಡಿ ಖುಷಿಯಾಗೈತೆ ಅಂತ ಲೆಕ್ಕ. ಲಾರಿ ಎರಡೆರಡು ಕಾಣ್ಸಾಕೆ ಶುರುವಾಯ್ತಾ, ಕೈ ಇಳ್ಸು." ಅವರ ಬಳಿ ಟ್ಯಾಪೆಟ್ ಸೆಟ್ ಮಾಡಿಸಲು ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು, ಬಿಸಿ ಗಾಡಿ ತಂದವರನ್ನು ಕೂರಿಸಿ ಕಾಯಿಸುತ್ತಿದ್ದರು. ಬಲಬದಿಯ ಸಣ್ಣ ಮುಚ್ಚಳ ಬಿಚ್ಚಿ, ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿ, ಪುಶ್‌ರಾಡನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉರುಳಿಸುತ್ತಿದ್ದರು. ಅದು ಬೆರಳಿಗೆ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಒಂದು ಕೂದಲೆಳೆಯಷ್ಟೂ ಆಡಬಾರದು. ಫೀಲರ್ ಗೇಜ್ ಇರಲಿಲ್ಲ, ಬೇಕೂ ಇರಲಿಲ್ಲ. ನಟ್ ಬಿಗಿದ ಮೇಲೆ ಇನ್ನೊಮ್ಮೆ ಉರುಳಿಸಿ ನೋಡುವುದು. ಬಿಗಿಯುವಾಗ ಸರಿದಿದ್ದರೆ ಮತ್ತೆ ಮೊದಲಿಂದ. ಕೊನೆಗೆ ಸ್ಟಾರ್ಟ್ ಮಾಡಿ, ಕಣ್ಣು ಬೇರೆ ಕಡೆ ಇಟ್ಟು, ತಲೆ ಸ್ವಲ್ಪ ಓರೆ ಮಾಡಿ ಕೇಳುತ್ತ ನಿಲ್ಲುವರು. ಆಮೇಲೆ "ಈಗ ಹೋಗು, ಅರವತ್ತೈದರಾಗೆ ಹಿಡಿ" ಎಂದರೆ ಅದು ಅರವತ್ತೈದೇ. ಮೀಟರ್ ಏನಾದರೂ ಹೇಳಿಕೊಳ್ಳಲಿ.

ಸ್ಟಾರ್ಟ್ ಮಾಡುವುದರಲ್ಲೂ ಅದೇ ಕೇಳುವಿಕೆ ಬೇಕಿತ್ತು. ಬೀಗ ತಿರುಗಿಸಿ, ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಹೋದರೆ ಆಮೀಟರಿನ ಮುಳ್ಳು ಎಡಕ್ಕೆ ವಾಲಿ ಒಂದು ಹಂತದಲ್ಲಿ ನಡುವಿಗೆ ಬಂದು ನಿಲ್ಲುತ್ತಿತ್ತು. ಪಾಯಿಂಟ್ ತೆರೆದುಕೊಂಡಿದೆ ಎಂದು ಅರ್ಥ. ಆಗ ಡಿಕಂಪ್ರೆಸರ್ ಹಿಡಿದು ಇನ್ನು ಕೊಂಚ ಒತ್ತಿ, ಬಿಟ್ಟು, ಕಿಕ್ಕರನ್ನು ಮೇಲಕ್ಕೆ ತಂದು ಪೂರಾ ಭಾರ ಹಾಕಿದರೆ ಒಂದೇ ಒದೆತಕ್ಕೆ ಗಾಡಿ ಏಳುತ್ತಿತ್ತು. ಈ ಕ್ರಮ ತಪ್ಪಿಸಿ ಸಿಟ್ಟಿನಿಂದ ಒದ್ದವನ ಮೀನಖಂಡಕ್ಕೆ ಗಾಡಿಯೇ ವಾಪಸ್ ಒದೆಯುತ್ತಿತ್ತು. ಹೊರಡುವ ಮೊದಲೇ ಅದರ ಮಾತು ಕೇಳುವುದು ರೂಢಿಯಾಗಿದ್ದವನಿಗೆ ದಾರಿಯಲ್ಲಿ ಕೇಳುವುದು ಕಷ್ಟವೇ?

ಆಗಿನ ದಾರಿಯೂ ಅದಕ್ಕೆ ತಕ್ಕದ್ದೇ. ರಾಷ್ಟ್ರೀಯ ಹೆದ್ದಾರಿ 4 ಎಂಬ ಹೆಸರು ಹೊತ್ತಿದ್ದ ಬೆಂಗಳೂರು–ಪುಣೆ ರಸ್ತೆ ಬಹುತೇಕ ಎರಡೇ ಲಾರಿಯ ಅಗಲವಿತ್ತು. ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ. ಪ್ರತಿ ಊರಿನ ಹೊಟ್ಟೆಯೊಳಗೇ ಹಾದುಹೋಗಬೇಕು. ಲಾರಿ ಐವತ್ತರಲ್ಲಿ, ಸಾರಿಗೆ ಬಸ್ಸು ಅರವತ್ತರಲ್ಲಿ, ಬುಲೆಟ್ಟೂ ಅರವತ್ತರಲ್ಲಿ. ರಸ್ತೆಯ ಮೇಲಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ಓಟದವರು. ಹಿರಿಯೂರಿನಾಚೆ ಎದುರುಗಾಳಿ ಹೊಡೆದರೆ ಎಲ್ಲರೂ ಐದೋ ಹತ್ತೋ ಕಳೆದುಕೊಳ್ಳುತ್ತಿದ್ದರು. ಯಾರೂ ಹಿಂದೆ ಬಿದ್ದೆವೆಂದು ಅಂದುಕೊಳ್ಳುತ್ತಿರಲಿಲ್ಲ.

ಜೊತೆಯಲ್ಲಿ ಯೆಜ್ಡಿಯವನು ಇದ್ದರೆ ಮಾತ್ರ ಓಟ ಹೊಂದಿಸಿಕೊಳ್ಳಬೇಕಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಅರವತ್ತರ ದಶಕದ ಮೊದಲಲ್ಲಿ ಜಾವಾ ಗಾಡಿಗಳನ್ನು ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಅದೇ ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅದರ 250 ಸಿ.ಸಿ. ಎಂಜಿನ್ ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಸುತ್ತಿಗೊಂದು ಸಿಡಿತ. ಏರಿನಲ್ಲಿ ಬುಲೆಟ್ ತನ್ನ ಭಾರದಲ್ಲೇ ಎಳೆದುಕೊಂಡು ಹೋದರೆ ಯೆಜ್ಡಿ ಗೇರ್ ಇಳಿಸಿ ಚೀರುತ್ತ ಹತ್ತುತ್ತಿತ್ತು. ಇಳಿಜಾರಿನಲ್ಲಿ ಇಬ್ಬರ ವಿದ್ಯೆಯೂ ತದ್ವಿರುದ್ಧ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಬುಲೆಟ್ಟಿನವನು ಗೇರಿನಲ್ಲಿ ಬಿಟ್ಟು, ಥ್ರಾಟಲ್ ಮುಚ್ಚಿ, ಎಂಜಿನ್ನಿನ ಹಿಡಿತದಲ್ಲೇ ಇಳಿಯುತ್ತಿದ್ದ. ಯೆಜ್ಡಿಯವನು ಹಾಗೆ ಮಾಡುವಂತಿಲ್ಲ. ಅದರ ಆಯಿಲ್ ಬರುವುದೇ ಪೆಟ್ರೋಲಿನಲ್ಲಿ ಬೆರೆತು; ಥ್ರಾಟಲ್ ಮುಚ್ಚಿದರೆ ಪೆಟ್ರೋಲಿನ ಜೊತೆ ಆಯಿಲ್ಲೂ ಬಂದ್, ಎಂಜಿನ್ ಮಾತ್ರ ಇಳಿಜಾರಿನ ಜೋರಿಗೆ ತಿರುಗುತ್ತಲೇ ಇರುತ್ತದೆ. ಅದಕ್ಕೆ ಅವನು ಆಗಾಗ ಕ್ಲಚ್ ಹಿಡಿದು ಒಂದೊಂದು ಸಲ ರೇಸ್ ಕೊಡುತ್ತ ಇಳಿಯಬೇಕಿತ್ತು. ಘಾಟಿಯ ಕೆಳಗೆ ನಿಂತು ಕೇಳಿದರೆ ಮೇಲಿನ ತಿರುವಿನಲ್ಲಿ ಬರುತ್ತಿರುವವನು ಯಾವ ಗಾಡಿಯವನು, ಬಲ್ಲವನೋ ಹೊಸಬನೋ ಎಂದು ಕಾಣುವ ಮೊದಲೇ ಹೇಳಬಹುದಿತ್ತು.

ಈ ಕಿವಿ ಹೋದದ್ದು ಒಂದೇ ದಿನದಲ್ಲಲ್ಲ. ಮಾಲಿನ್ಯದ ನಿಯಮಗಳು ಬಿಗಿಯಾದ ಹಾಗೆ ಬೀಡಿನ ಎಂಜಿನ್ ನಿಂತಿತು. ಅದರ ಜಾಗಕ್ಕೆ ಗೇರ್‌ಬಾಕ್ಸ್ ಸಮೇತ ಒಂದೇ ಒಡಲಿನಲ್ಲಿರುವ, ಟ್ಯಾಪೆಟ್ ತಾನೇ ಸರಿಪಡಿಸಿಕೊಳ್ಳುವ ಅಲ್ಯುಮಿನಿಯಂ ಎಂಜಿನ್ ಬಂತು. ಪುಶ್‌ರಾಡ್ ಉರುಳಿಸಿ ನೋಡುವ ಬೆರಳುಗಳಿಗೆ ಕೆಲಸ ತಪ್ಪಿತು. 2020ರ ನಂತರದ 349 ಸಿ.ಸಿ. ಎಂಜಿನ್ನಿಗೆ ಬ್ಯಾಲೆನ್ಸರ್ ಶಾಫ್ಟೂ ಬಂತು. ಅದನ್ನು ನಾನೂ ಓಡಿಸಿದ್ದೇನೆ. ಎಂಬತ್ತು ತೊಂಬತ್ತರಲ್ಲೂ ಕನ್ನಡಿ ಅಲುಗುವುದಿಲ್ಲ, ಹಿಂದಿನ ಲಾರಿ ಒಂದೇ ಕಾಣುತ್ತದೆ. ಬ್ರೇಕ್ ಹಿಡಿದರೆ ನಿಲ್ಲುತ್ತದೆ. ಹಳೆಯ ಡ್ರಮ್ ಬ್ರೇಕಿನಲ್ಲಿ ಮಳೆ ದಿನ ದೇವರ ಹೆಸರೂ ಬೇಕಾಗುತ್ತಿತ್ತು. ಬೆಳಗಾದರೆ ಗಾಡಿಯ ಕೆಳಗೆ ಆಯಿಲ್ ತೊಟ್ಟಿಕ್ಕಿರುವುದಿಲ್ಲ. ಇದನ್ನೆಲ್ಲ ಬೇಡವೆನ್ನುವವನು ಹಳೇ ಗಾಡಿಯನ್ನು ದೂರದಿಂದ ಪ್ರೀತಿಸಿದವನಿರಬೇಕು.

ಕಳೆದುಕೊಂಡದ್ದು ಏನೆಂದರೆ, ಗಾಡಿ "ಸಾಕು" ಎನ್ನುವುದನ್ನು ನಿಲ್ಲಿಸಿದೆ. ಮೊದಲು ವೇಗದ ಮಿತಿ ಕಾಲಿನ ಅಡಿಯಿಂದ ಬರುತ್ತಿತ್ತು. ಈಗ ಬದಿಯ ಬೋರ್ಡಿನಿಂದ, ಕ್ಯಾಮೆರಾದಿಂದ, ಮೊಬೈಲಿಗೆ ಬರುವ ದಂಡದ ಚೀಟಿಯಿಂದ ಬರುತ್ತದೆ. ಹೊರಗಿನ ಮಿತಿಯನ್ನು ಮೀರಲು ಮನಸ್ಸು ಹವಣಿಸುತ್ತದೆ. ಒಳಗಿನದನ್ನು ಮೀರಿದರೆ ಲುಕ್ಸಾನು ಯಾರಿಗೆಂದು ಬುಲೆಟ್ಟಿನವನಿಗೆ ಆ ಕ್ಷಣದಲ್ಲೇ ತಿಳಿಯುತ್ತಿತ್ತು.

ರಸ್ತೆಯೂ ಆ ವೇಗವನ್ನು ಹೊರಗಿಟ್ಟಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು; ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಸುರಕ್ಷತೆಯ ಕಾರಣ ಸರಿಯಾದದ್ದೇ. ನೂರರ ಓಟದ ಕಾರುಗಳ ನಡುವೆ ಅರವತ್ತರ ಗಾಡಿ ಇದ್ದರೆ ಇಬ್ಬರಿಗೂ ಅಪಾಯ. ಬೈಕುಗಳು ಈಗ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ತಮಾಷೆಯೆಂದರೆ, ಕಾರುಗಳು ಬೈಪಾಸಿನಲ್ಲಿ ಹಾದುಹೋಗುವ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಒಳಗಿನ ಹಳೇ ದಾರಿಯಲ್ಲಿ ಬುಲೆಟ್ಟಿನ ಓಟಕ್ಕೆ ಇಂದಿಗೂ ಜಾಗವಿದೆ. ಆದರೆ ಅದು ಉಳಿದವರಿಗಾಗಿ ಬಿಟ್ಟುಕೊಟ್ಟ ಜಾಗ. ಹೆದ್ದಾರಿಯ ಸಹಜ ವೇಗ ಎಂದು ಒಂದು ಕಾಲಕ್ಕೆ ಎಲ್ಲರೂ ಒಪ್ಪಿದ್ದನ್ನು ಈಗ ಅಡಚಣೆ ಎಂದು ಕರೆಯುತ್ತಾರೆ.

ಅಜ್ಜನದೋ ಮಾವನದೋ ಹಳೇ ಬುಲೆಟ್ಟನ್ನು ಶೆಡ್ಡಿನಿಂದ ಎಳೆದು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಅಲೆದು ಸಾಮಾನು ಹೊಂದಿಸಿ ಓಡಿಸುವ ಹುಡುಗರು ಆಗೀಗ ಸಿಗುತ್ತಾರೆ. "ಸಾರ್, ಹೈವೇಲಿ ಎಷ್ಟು ಆರ್‌ಪಿಎಂ ಇಡಬೇಕು?" ಎಂದು ಕೇಳುತ್ತಾರೆ. ಕೆಲವರು ಹ್ಯಾಂಡಲ್ಲಿಗೆ ಡಿಜಿಟಲ್ ಮೀಟರನ್ನೂ ಸಿಕ್ಕಿಸಿರುತ್ತಾರೆ. 2,500ರಿಂದ 3,200ರ ತನಕ, ಅಂದರೆ ಐವತ್ತೈದರಿಂದ ಎಪ್ಪತ್ತು ಎನ್ನುತ್ತೇನೆ, ತಪ್ಪೇನಿಲ್ಲ, ಬರೆದುಕೊಳ್ಳಲಿ. ಆದರೆ ಆ ಅಂಕಿ ಎಲ್ಲ ಬುಲೆಟ್ಟಿಗೂ ಒಂದೇ. ಅವನ ಗಾಡಿ ಆ ಏಳುನೂರು ಸುತ್ತಿನ ನಡುವೆ ಎಲ್ಲಿ ಕೂರುತ್ತದೆ ಎನ್ನುವುದು ಅವನ ಪಿಸ್ಟನ್ನಿಗೆ, ಅವನ ಬುಷ್ಷಿಗೆ, ಅವನು ಹತ್ತಿಸಿಕೊಂಡ ಭಾರಕ್ಕೆ, ಆ ದಿನದ ಬಿಸಿಲಿಗೆ ಸೇರಿದ್ದು. ಹೇಳಿಕೊಡಲು ಸಿರಾದ ಆ ಶೆಡ್ ಈಗ ಇಲ್ಲ. ರಸ್ತೆ ಅಗಲವಾದಾಗ ಅದೂ ಹೋಯಿತು. ಹಾಗಾಗಿ ಮೀಟರಿನ ಮೇಲೊಂದು ಟೇಪು ಅಂಟಿಸಿ ಚಿತ್ರದುರ್ಗದ ತನಕ ಹೋಗಿ ಬಾ ಎನ್ನುತ್ತೇನೆ. ಹೆಚ್ಚಿನವರು ನಗುತ್ತಾರೆ. ಟೇಪು ಅಂಟಿಸುವ ಒಬ್ಬನಾದರೂ ಸಿಗುವ ತನಕ ಇದನ್ನು ಹೇಳುತ್ತಲೇ ಇರುವುದು ನನ್ನ ಕೆಲಸ.